ಎರಡೆರಡು ಮಾತ್ರೆ

ಹೊಳೆದಂಡೆಯ ಆಶ್ರಮದಲ್ಲಿ ಔಷಧದ ಕೋಣೆಯೊಂದಿತ್ತು. ಶಿಷ್ಯ ಚನ್ನವೀರ ಅದನ್ನು ನೋಡಿಕೊಳ್ಳುತ್ತಿದ್ದ. ಬಂದವರು ಯಾರೂ ಬರಿಗೈಯಲ್ಲಿ ಹೋಗಬಾರದೆಂಬುದು ಅಲ್ಲಿನ ರೂಢಿ. ಹಾಗಾಗಿ ನೆಗಡಿ ಎಂದವರಿಗೂ ಅವನು ಪ್ರಸಾದದಂತೆ ಎರಡೆರಡು ಆಂಟಿಬಯಾಟಿಕ್ ಮಾತ್ರೆ ಕೊಡುತ್ತಿದ್ದ.

ಅಡುಗೆಯ ಹುಚ್ಚೀರಜ್ಜನ ಕಾಲ್ಬೆರಳು ಕೀವು ತುಂಬಿ ಕಪ್ಪಾಯಿತು. ಯಾವ ಮಾತ್ರೆಯೂ ನಾಟಲಿಲ್ಲ. ಬೆರಳು ತೆಗೆಯದಿದ್ದರೆ ಕಾಲೇ ಹೋಗುತ್ತದೆ ಎಂದರು ಪೇಟೆಯ ಡಾಕ್ಟರು.

"ಹೋಗ್ಲಿ ಬಿಡು, ಇನ್ನೂ ಒಂಬತ್ತು ಅದಾವ," ಎಂದ ಅಜ್ಜ.

ಚನ್ನವೀರ ಗುರು ನೀಲಾಂಬಿಕಮ್ಮನ ಬಳಿ ಓಡಿದ.

"ಅವ್ವಾ, ಮದ್ದು ಯಾಕೆ ಸೋತಿತು?"

"ರೋಗದ ಬ್ಯಾಕ್ಟೀರಿಯಾ ಬದುಕಲು ಪ್ರೋಟೀನ್ ಮಾಡಿಕೊಳ್ಳಬೇಕು. ಅದಕ್ಕೆ ಅದರೊಳಗೊಂದು ಯಂತ್ರವಿದೆ, ರೈಬೋಸೋಮ್ ಅಂತ. ನಿನ್ನ ಮಾತ್ರೆ ಆ ಯಂತ್ರಕ್ಕೆ ಹೊಡೆಯುತ್ತಿತ್ತು. ನೀನು ಎರಡೆರಡೇ ಕೊಟ್ಟು ಅರ್ಧಂಬರ್ಧ ಹೊಡೆಸಿದೆ. ಪೆಟ್ಟು ತಡೆದುಕೊಂಡವು ಉಳಿದವು, ಬೆಳೆದವು."

"ಬೇರೆ ದಾರಿಯೇ ಇಲ್ಲವೇ?"

ನೀಲಾಂಬಿಕಮ್ಮ ಅವನನ್ನು ಹೊಳೆಗೆ ಕರೆದೊಯ್ದಳು. ಅಲ್ಲಿಂದ ಹೊರಡುವ ಕಾಲುವೆಯ ಮೇಲೆ ಎರಡು ಕಲ್ಲಿನ ಕಮಾನು ಏಳುತ್ತಿದ್ದವು. ಒಂದು ಮುಗಿದಿತ್ತು, ಇನ್ನೊಂದು ಅರ್ಧವಾಗಿತ್ತು. ಎರಡರ ಅಡಿಯಲ್ಲೂ ಮರದ ಆಸರೆ ಇತ್ತು.

"ಮುಗಿದದ್ದರ ಮರ ತೆಗೆ."

ತೆಗೆದ. ಒಂದು ಕಲ್ಲೂ ಅಲುಗಲಿಲ್ಲ.

ಅವಳು ಅರ್ಧ ಕಮಾನಿನ ಮರವನ್ನು ಒದ್ದಳು. ಕಲ್ಲುಗಳು ದಡದಡ ಬಿದ್ದವು. ಮೇಸ್ತ್ರಿ ಬಾಯಿಗೆ ಬಂದಂತೆ ಬೈದ.

"ಬಯ್ಯಪ್ಪ, ತಪ್ಪಿಲ್ಲ. ನಾವಿಬ್ಬರೇ ಎತ್ತಿ ಕೊಡುತ್ತೇವೆ," ಎಂದು ಅವಳು ಕಲ್ಲಿಗೆ ಕೈ ಹಾಕಿದಳು.

ಕಲ್ಲು ಎತ್ತುತ್ತಲೇ ಚನ್ನವೀರನಿಗೆ ಹೇಳಿದಳು, "ಬ್ಯಾಕ್ಟೀರಿಯಾದ ಆ ಯಂತ್ರ ಜೋಡಣೆಯಾಗುವಾಗಲೂ ಹೀಗೆ ಆಸರೆ ಕೊಟ್ಟು ಆಮೇಲೆ ಸರಿದುಹೋಗುವ ಸಹಾಯಕ ಪ್ರೋಟೀನ್‌ಗಳಿವೆ. ಅವನ್ನು ತಡೆದರೆ ಯಂತ್ರವೇ ಏಳುವುದಿಲ್ಲ."

"ಹಾಗೆ ತಡೆಯುವ ಮದ್ದು ಎಲ್ಲಿ ಸಿಗುತ್ತದೆ?"

"ಎಲ್ಲೂ ಇಲ್ಲ. ಕೆಲವರು ಹುಡುಕುತ್ತಿದ್ದಾರೆ. ಸಾಯುವವರೆಗೆ ನುಂಗುವ ಮಾತ್ರೆಯಲ್ಲಿ ಲಾಭವಿದೆ. ವಾರದಲ್ಲಿ ವಾಸಿ ಮಾಡುವ ಮಾತ್ರೆಗೆ ದುಡ್ಡು ಹಾಕುವ ಧಣಿಗಳಿಲ್ಲ."

ಅತ್ತ ಆಶ್ರಮದ ಮುಂದೆ, ಬೆರಳು ತೆಗೆಸಲು ಅಜ್ಜನನ್ನು ಆಟೋಗೆ ಹತ್ತಿಸುತ್ತಿದ್ದರು. ಚನ್ನವೀರನ ಕಣ್ಣು ತುಂಬಿತು.

"ಇಂದಲ್ಲ ನಾಳೆ ಅದು ಬರುತ್ತದೆ, ಅವ್ವಾ. ಬಂದ ದಿನ ನಾನೇ ಕೈಯಾರೆ ಎಲ್ಲರಿಗೂ ಹಂಚುತ್ತೇನೆ."

ನೀಲಾಂಬಿಕಮ್ಮ ಕಲ್ಲು ಕೆಳಗಿಟ್ಟಳು.

"ಬಂದ ದಿನ ನಾನು ಮೊದಲು ಅದನ್ನು ನಿನ್ನಿಂದ ಬಚ್ಚಿಡುತ್ತೇನೆ."