ಸತ್ತವನ ಎಣಿಕೆ

ಕಬಿನಿ ದಡದ ಬರ್ನಾರ್ಡ್ ಮೇಷ್ಟ್ರು ಡ್ರಮ್ ಬಾರಿಸಿದರೆ ಆಚೆ ದಡದ ಮೊಸಳೆಗಳು ತಾಳಕ್ಕೆ ಸರಿಯಾಗಿ ಬಾಯಿ ತೆರೆದು ಮುಚ್ಚುತ್ತಿದ್ದವು. ನಂಬದವರು ಹೋಗಿ ಮೊಸಳೆಯನ್ನೇ ಕೇಳಬಹುದು. ಮೇಷ್ಟ್ರ ಎಡಗಾಲು ಗಿಡ್ಡವಾದದ್ದೂ ಹಾಗೆಯೇ: ಮೊಸಳೆ ನುಂಗಿತು, ರುಚಿಸದೆ ವಾಪಸ್ ಕೊಟ್ಟಿತು, ಕೊಡುವಾಗ ಅಳತೆ ತಪ್ಪಿತು.

ಶಿಷ್ಯ ಉತ್ತಯ್ಯ ಬಂದ ಬೆಳಗ್ಗೆ ಮಾತ್ರ ಮೇಷ್ಟ್ರು ಈ ಕಥೆ ಎತ್ತಲಿಲ್ಲ.

ಉತ್ತಯ್ಯನ ರಾಕ್ ಬ್ಯಾಂಡಿನಲ್ಲಿ ಮೂವರೇ. ಹಾಡಿಗೆ ಅವನು, ಡ್ರಮ್ಮಿಗೆ ಇಮ್ತಿಯಾಜ್, ಬೇಸ್ ಗಿಟಾರಿಗೆ ರೇಚಲ್. ಎಂಟು ತಿಂಗಳ ಹಿಂದೆ ಕಾರ್ಯಕ್ರಮ ಮುಗಿಸಿ ಬರುವಾಗ ವ್ಯಾನ್ ಮಗುಚಿತು. ಇಮ್ತಿಯಾಜ್ ಸತ್ತ. ರೇಚಲ್‌ಳ ಎಡಗೈ ಜಜ್ಜಿಹೋಯಿತು. ಓಡಿಸುತ್ತಿದ್ದವನು ಉತ್ತಯ್ಯ. ಅವನಿಗೆ ಒಂದು ಗೀರೂ ಬೀಳಲಿಲ್ಲ.

"ಶನಿವಾರ ಮತ್ತೆ ಸ್ಟೇಜ್ ಹತ್ತುತ್ತಾ ಇದ್ದೀವಿ, ಮೇಷ್ಟ್ರೇ. ರೇಚಲ್‌ನ ಬಿಟ್ಟು ಬೇರೆಯವರನ್ನ ಹಾಕ್ಕೊಳ್ಳಲಾ?"

"ಯಾಕೋ, ಹಾಡು ಮರೆತಳಾ?"

"ಇಲ್ಲ. ತಾಳದಲ್ಲಿ ಹಿಂದೆ ಬೀಳ್ತಾಳೆ."

"ಯಾರ ಹಿಂದೆ?"

ಉತ್ತಯ್ಯ ಮೊಬೈಲ್ ಒತ್ತಿದ. ಹಳೆಯ ರೆಕಾರ್ಡಿಂಗ್. ಕೋಲಿಗೆ ಕೋಲು ತಟ್ಟುತ್ತಾ ಇಮ್ತಿಯಾಜ್ ಕೂಗಿದ: "ಒನ್, ಟೂ, ತ್ರೀ, ಫೋರ್!" ಹಿಂದೆಯೇ ಡ್ರಮ್ಮು, ಲಗಾಮು ಕಿತ್ತ ಕುದುರೆಯ ಹಾಗೆ.

ಮೇಷ್ಟ್ರು ಕಣ್ಣು ಮುಚ್ಚಿದರು. ಆ ಕೋಲು ಹಿಡಿಯುವುದನ್ನು ಕಲಿಸಿದ್ದು ಅವರೇ.

"ಇದನ್ನ ಹಾಕ್ಕೊಂಡು ನುಡಿಸ್ತೀರಾ?"

"ಅವನು ಎಣಿಸದೆ ನಾವು ಒಂದು ಹಾಡೂ ಶುರು ಮಾಡಿದವರಲ್ಲ."

"ನೀನೇ ಎಣಿಸು."

"ನನಗೆ ಎಣಿಸೋಕೆ ಬರಲ್ಲ. ಬಾಯಿ ತೆರೆದರೆ ವ್ಯಾನ್ ಉರುಳಿದ ಸದ್ದೇ ಕೇಳುತ್ತೆ."

"ರೇಚಲ್ ಏನಂತಾಳೆ?"

"ಏನೂ ಅನ್ನಲ್ಲ. ಬೆರಳಿಗೆ ಬಟ್ಟೆ ಸುತ್ಕೊಂಡು, ಇನ್ನೊಂದ್ಸಲ ಮೊದಲಿಂದ ಅಂತಾಳೆ. ನೋಡೋಕಾಗಲ್ಲ ಮೇಷ್ಟ್ರೇ."

"ಓಹೋ. ನೋಡೋಕಾಗಲ್ಲ ಅಂತ ತೆಗೀತಿದ್ದೀಯ."



ಮೇಷ್ಟ್ರು ಊರುಗೋಲನ್ನು ಗೋಡೆಗೆ ಒರಗಿಸಿಟ್ಟು ಎದ್ದರು. "ಬಾ, ನದಿಗೆ ಹೋಗೋಣ. ಅದನ್ನ ಮತ್ತೆ ಹಾಕು. ಅದರ ಎಣಿಕೆಗೇ ಇಬ್ಬರೂ ಹೆಜ್ಜೆ ಇಡೋದು. ತಪ್ಪಿದವನು ಮೊಸಳೆಗೆ."

ಒನ್, ಟೂ, ತ್ರೀ, ಫೋರ್. ಉತ್ತಯ್ಯ ದಾಪುಗಾಲು ಹಾಕಿದ. ಹಿಂದೆ ಗಿಡ್ಡಗಾಲು ಜಲ್ಲಿಯಲ್ಲಿ ಜಾರುತ್ತಾ ಬಂತು. ಇಪ್ಪತ್ತು ಹೆಜ್ಜೆಯೊಳಗೆ ಮೇಷ್ಟ್ರು ಮುಗ್ಗರಿಸಿ ಬಿದ್ದರು. ಮಂಡಿ ಒಡೆದು ರಕ್ತ ಬಂತು.

ಉತ್ತಯ್ಯ ಓಡಿಬಂದ. ಮೊಬೈಲ್ ನಿಲ್ಲಿಸಿ ಜೇಬಿಗೆ ತುರುಕಿದ. ಮೇಷ್ಟ್ರನ್ನು ಎತ್ತಿ ಹೆಗಲು ಕೊಟ್ಟ. ಒಂದು ಹೆಜ್ಜೆ. ಗಿಡ್ಡಗಾಲು ಬರುವ ತನಕ ಕಾದ. ಇನ್ನೊಂದು ಹೆಜ್ಜೆ.

ಹಾಗೆ ನೀರಿನ ತನಕ ಬಂದರು.

ಮೇಷ್ಟ್ರು ಕೂತು ಮಂಡಿಗೆ ನೀರು ಹಾಕಿಕೊಂಡರು. ನೀರು ಕೆಂಪಾಗಿ ಹರಿದುಹೋಯಿತು.

"ಮೊಬೈಲ್ ಯಾಕೆ ನಿಲ್ಲಿಸಿದೆ?"

"ನೀವು ಬಿದ್ರಲ್ಲ."

"ಆಮೇಲೆ ಇಷ್ಟು ದೂರ ಒಂದು ಹೆಜ್ಜೆಯೂ ತಪ್ಪಲಿಲ್ಲ. ಹೇಗೋ?"

"ನಿಮ್ಮ ಕಾಲು ನೋಡ್ಕೊಂಡು ಇಟ್ಟೆ, ಅಷ್ಟೇ."

"ಮತ್ತೆ, ಎಣಿಸೋಕೆ ಬರಲ್ಲ ಅಂದೆಯಲ್ಲೋ?"