ತೊದಲಿದ ಕೈಮಾತು

"ಗುರುಗಳೇ, ನಮ್ಮ ಕ್ಯಾಮೆರಾದಲ್ಲಿ ರೆಸಲ್ಯೂಷನ್ ಹೆಚ್ಚಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಹಿಡಿಯುವ ಚಿತ್ರಗಳ ಸಂಖ್ಯೆ, ಇಳಿಯುತ್ತದೆ. ಫ್ರೇಮ್ ರೇಟ್ ಹೆಚ್ಚಿಸಿದರೆ ಚಿತ್ರ ಮಂಕಾಗುತ್ತದೆ. ಎರಡರಲ್ಲಿ ಯಾವುದು ದೊಡ್ಡದು?" ಎಂದು ನಿರುಪಾದಿ ಕೇಳಿದ. ಮಠದ ಪ್ರವಚನಗಳನ್ನು ಚಿತ್ರೀಕರಿಸುವ ಕೆಲಸ ಆ ಶಿಷ್ಯನ ಪಾಲಿಗೆ ಬಂದಿತ್ತು.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಅವನ ತಾಯಿಗೆ ಹುಟ್ಟಿನಿಂದಲೂ ಕಿವಿ ಕೇಳದು, ಮಾತು ಬಾರದು. ಅವಳ ಅಕ್ಕನಿಗೂ ಹಾಗೆಯೇ. ಮಕ್ಕಳಾಗಿದ್ದಾಗ ಇಬ್ಬರೂ ಸೇರಿ ಕೈಗಳಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಅದನ್ನು ಪೂರ್ತಿ ಬಲ್ಲವರು ಲೋಕದಲ್ಲಿ ಅವರಿಬ್ಬರೇ. ವಯಸ್ಸಾದ ಮೇಲೆ ಅಕ್ಕ ದೂರದ ಊರಿನಲ್ಲಿ ಹಾಸಿಗೆ ಹಿಡಿದಳು. ತಂಗಿಗೆ ಮಂಡಿ ನೋವು, ಬಸ್ಸು ಹತ್ತಲಾರಳು. ಆಗ ಮಗ ಒಂದು ಕ್ಯಾಮೆರಾ ತಂದ.

ತಾಯಿ ಮಗ್ಗದ ಪಕ್ಕ ಕುಳಿತು, ಅಕ್ಕನಿಗೆ ಹೇಳಬೇಕಾದುದನ್ನೆಲ್ಲ ಕೈಯಲ್ಲಿ ಹೇಳಿದಳು. ಮಗ ಎಲ್ಲಕ್ಕಿಂತ ದೊಡ್ಡ ರೆಸಲ್ಯೂಷನ್ ಆರಿಸಿದ್ದ. ದೊಡ್ಡಮ್ಮ ತಂಗಿಯ ಮುಖವನ್ನು ಕಣ್ತುಂಬ ನೋಡಲಿ ಎಂಬುದು ಅವನ ಆಸೆ. ಫ್ರೇಮ್ ರೇಟ್ ತಳಕ್ಕಿಳಿದದ್ದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ವಿಡಿಯೊ ತಲುಪಿದ ದಿನವೇ ದೊಡ್ಡಮ್ಮನ ಸೊಸೆ ಫೋನ್ ಮಾಡಿದಳು.

"ಅತ್ತೆ ಅಳೋದು ನಿಲ್ಲಿಸ್ತಿಲ್ಲ. ಮುಖ ಎದುರಿಗೇ ಕೂತ ಹಾಗಿದೆಯಂತೆ. ಆದರೆ ತಂಗಿ ಮಾತು ತೊದಲ್ತಿದೆ, ಅವಳಿಗೆ ಲಕ್ವ ಹೊಡೆದಿದೆ, ನೀವೆಲ್ಲ ನನ್ನ ಹತ್ತಿರ ಮುಚ್ಚಿಡ್ತಿದ್ದೀರಿ ಅಂತ ಸನ್ನೆ ಮಾಡ್ತಾರೆ."

ನೇಕಾರ ಗಾಬರಿಯಿಂದ ವಿಡಿಯೊ ಹಾಕಿ ನೋಡಿದ. ತಾಯಿಯ ಹುಬ್ಬಿನ ಕೂದಲನ್ನೂ ಎಣಿಸಬಹುದಿತ್ತು. ಬೆರಳುಗಳಿರಬೇಕಾದಲ್ಲಿ ಮಾತ್ರ ಹೊಗೆ ಆಡುತ್ತಿತ್ತು. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಅವಳ ಕೈ ಅದೆಷ್ಟೋ ಮಾತಾಡಿ ಮುಗಿಸಿತ್ತು. ತಾಯಿ ಇಷ್ಟು ವೇಗವಾಗಿ ಮಾತಾಡುತ್ತಾಳೆಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ. ಅವನೊಡನೆ ಅವಳು ನಿಧಾನವಾಗಿ ಮಾತಾಡುತ್ತಿದ್ದಳು, ಮಗುವಿನೊಡನೆ ಮಾತಾಡುವ ಹಾಗೆ.

ಮರುದಿನ ಬೆಳಿಗ್ಗೆ ಅವಳನ್ನು ಅಂಗಳದ ಬಿಸಿಲಿನಲ್ಲಿ ಕೂರಿಸಿದ. ರೆಸಲ್ಯೂಷನ್ ಇಳಿಸಿ, ಫ್ರೇಮ್ ರೇಟನ್ನು ಕ್ಯಾಮೆರಾ ತಾಳುವಷ್ಟು ಏರಿಸಿದ. ಕಳಿಸುವ ಮುನ್ನ ವಿಡಿಯೊ ಓಡುವ ವೇಗವನ್ನು ತಗ್ಗಿಸಿ ತಾನೊಮ್ಮೆ ನೋಡಿದ. ಮುಖ ಮಂಕಾಗಿತ್ತು. ಬೆರಳುಗಳು ಒಂದೊಂದೂ ಬಿಡಿಬಿಡಿಯಾಗಿ ಮಡಚಿ, ಅರಳಿ, ಒಂದನ್ನೊಂದು ತಾಗಿ ಬಿಡುತ್ತಿದ್ದವು. ಒಂದೇ ಸನ್ನೆ ಎಂದು ಅವನು ಹುಟ್ಟಿದಾಗಿನಿಂದ ತಿಳಿದಿದ್ದರ ಒಳಗೆ ಒಂದು ಇಡೀ ವಾಕ್ಯವಿತ್ತು.

ಆಮೇಲೆ ತಾಯಿಗೆ ತೋರಿಸಿದ. ಕೈಯಲ್ಲಿ ಮಾತಾಡುವಾಗ ಅವಳ ಕಣ್ಣು ಯಾವಾಗಲೂ ಎದುರಿನವರ ಮೇಲೆ ಇರುತ್ತಿತ್ತು. ತನ್ನ ಮಾತಿಗೆ ತಾನೇ ಎದುರು ಕುಳಿತದ್ದು ಅದೇ ಮೊದಲು. ವಿಡಿಯೊ ಮುಗಿದ ಮೇಲೆ ಮಗನ ಕಡೆ ತಿರುಗಿ ನಿಧಾನವಾಗಿ ಕೈಯಲ್ಲಿ ಹೇಳಿದಳು:

"ಈ ಹೆಂಗಸು ಎಷ್ಟು ಚೆನ್ನಾಗಿ ಮಾತಾಡುತ್ತಾಳೆ."

ನೇಕಾರ ಆ ಕೈಗಳನ್ನು ಹಿಡಿದುಕೊಳ್ಳಲು ಹೋದವನು ಹಿಡಿಯದೆ ಉಳಿದ. ಹಿಡಿದರೆ ಅವಳ ಬಾಯಿ ಮುಚ್ಚಿದಂತಾಗುತ್ತಿತ್ತು.

ಸಂಜೆಗೆ ದೊಡ್ಡಮ್ಮನ ಉತ್ತರ ಬಂತು. ದಿಂಬಿಗೆ ಒರಗಿಕೊಂಡೇ ಅವಳು ಎರಡೂ ಕೈಯಲ್ಲಿ ಏನೇನೋ ಹೇಳುತ್ತಿದ್ದಳು, ನಡುವೆ ನಗುತ್ತಿದ್ದಳು. ಮಗನಿಗೆ ಅದರಲ್ಲಿ ಅರ್ಧವೂ ತಿಳಿಯಲಿಲ್ಲ. ತಾಯಿ ಮಾತ್ರ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇಷ್ಟು ಹೇಳಿ ಗುರುಗಳು ಕಥೆ ನಿಲ್ಲಿಸಿದರು.

"ಹಾಗಾದರೆ ಫ್ರೇಮ್ ರೇಟೇ ದೊಡ್ಡದು, ಅಲ್ಲವೇ?" ಎಂದ ನಿರುಪಾದಿ.

"ಕೊನೆಗಾಲದಲ್ಲಿ ಅಕ್ಕ ತಂಗಿಯಿಂದ ಬೇಡಿದ್ದು ಮಾತನ್ನಲ್ಲ, ಸುಮ್ಮನೆ ಕುಳಿತ ಅವಳ ಮುಖವನ್ನು. ಆಗ ಮಗ ಮತ್ತೆ ರೆಸಲ್ಯೂಷನ್ ಏರಿಸಿದ," ಎಂದರು ಗುರುಗಳು.