ಹರಿಗೋಲಿನ ಸಾತವ್ವ ಯಾರ ಕಡೆಯವಳು?

ಬನ್ನಿ, ಹತ್ತಿರ ಕೂತ್ಕೊಳ್ಳಿ. ಹಿಂದಿನವರು ಕಾಲು ಚಾಚಬೇಡಿ, ಮುಂದಿನವರು ಹಿಂದೆ ತಿರುಗಿ ಜಗಳ ಆಡಬೇಡಿ. ಹೊಳೆ ದಂಡೆಯ ಕಥೆ ಇದು. ಸ್ವಲ್ಪ ಜಾಗ ಬಿಟ್ಟರೇನೇ ಹರಿಯೋದು.

ಒಂದು ದೊಡ್ಡ ಹೊಳೆ. ಅದರ ಈಚೆ ದಂಡೆಯಲ್ಲಿ ಒಂದು ರಾಜ್ಯ, ಆಚೆ ದಂಡೆಯಲ್ಲಿ ಇನ್ನೊಂದು ರಾಜ್ಯ. ಈಚೆ ರಾಜ್ಯಕ್ಕೆ ಕಣಗಿಲೆಕೋಟೆ ಅಂತ ಹೆಸರು. ಅಲ್ಲಿ ಬೀರರಸ ಅಂತ ಒಬ್ಬ ದೊರೆ ಇದ್ದ. ಒಳ್ಳೆಯವನು, ಬೆಣ್ಣೆಯಂಥ ಮನಸ್ಸು. ಆದರೆ ಒಂದು ಚಾಳಿ. ಯಾರು ಕೊನೆಗೆ ಮಾತಾಡಿದರೋ ಅವರು ಹೇಳಿದ್ದೇ ಅವನಿಗೆ ಸರಿ. ಅಡುಗೆಯವನು ಬಂದು "ದೊರೆ, ಇವತ್ತು ಹುಳಿ ಮಾಡ್ಲಾ?" ಅಂದರೆ "ಹೌದಲ್ಲ!" ಅನ್ನುವನು. ರಾಣಿ ಬಂದು "ಹುಳಿ ಬೇಡ, ಮಜ್ಜಿಗೆ ಸಾಕು" ಅಂದರೆ ಆಗಲೂ "ಹೌದಲ್ಲ!" ಹೀಗಾಗಿ ಅರಮನೆಯಲ್ಲಿ ಊಟ ಯಾವತ್ತೂ ಹೊತ್ತಿಗೆ ಸರಿಯಾಗಿ ಆದದ್ದಿಲ್ಲ.

ಆ ಹೊಳೆಗೆ ಸೇತುವೆ ಇರಲಿಲ್ಲ. ಹರಿಗೋಲು ಇತ್ತು. ಬಿದಿರು ಹೆಣೆದು, ಚರ್ಮ ಹೊದಿಸಿದ ಗುಂಡನೆಯ ದೋಣಿ. ಅದನ್ನು ನಡೆಸುವವಳು ಸಾತವ್ವ. ಅವಳ ಮುತ್ತಜ್ಜ ಸಮುದ್ರ ದಾಟಿ ಹಡಗಿನಲ್ಲಿ ಬಂದವನು. ಆಗಿನ ದೊರೆ ಅವನಿಗೆ ವೀಳ್ಯ ಕೊಟ್ಟು, "ಹೊಳೆ ದಾಟೋ ಈ ಕಡವು ನಿನ್ನದು. ನಿನ್ನ ವಂಶದವರು ನಮ್ಮ ಪ್ರಜೆಗಳಾಗಿ ಇರೋ ತನಕ ಅವರದೇ" ಅಂದಿದ್ದ. ಸಾತವ್ವನ ಮೈ ಕಪ್ಪು, ಕೂದಲು ಬಿಗಿಯಾದ ಗುಂಗುರು, ನಕ್ಕರೆ ಆಚೆ ದಂಡೆಗೂ ಕೇಳಿಸಬೇಕು. ಆಡುವುದು ಊರಿನ ಮಾತೇ, ಉಣ್ಣುವುದು ಊರಿನ ಮುದ್ದೆಯೇ. ಹಬ್ಬ ಬಂದರೆ ಮಾತ್ರ ಅವಳ ಕೇರಿಯವರು ತಮ್ಮದೇ ಡೋಲು ಬಡಿದು ಮುತ್ತಜ್ಜನ ಭಾಷೆಯ ಹಾಡು ಹಾಡುವರು. ಹಾಡಿನ ಅರ್ಥ ಊರಿನವರಿಗೆ ಗೊತ್ತಿಲ್ಲ. ಆದರೂ ಡೋಲು ಕೇಳಿದರೆ ಸಾಕು, ಕುಣಿಯಲು ಊರೆಲ್ಲ ಓಡುತ್ತಿತ್ತು.

ದೊರೆಗೊಬ್ಬ ಮಂತ್ರಿ, ಮಂಚಣ್ಣ. ಅವನಿಗೊಬ್ಬ ಬಾಮೈದ, ಜಕ್ಕಪ್ಪ. ಜಕ್ಕಪ್ಪನಿಗೆ ತಿನ್ನುವುದೊಂದು ಬಿಟ್ಟು ಬೇರೆ ಕಸುಬಿಲ್ಲ. "ನನ್ನ ತಮ್ಮನಿಗೆ ಏನಾದ್ರೂ ದಾರಿ ಮಾಡಿ" ಅಂತ ಮಂತ್ರಿಯ ಹೆಂಡತಿ ದಿನಾ ತಲೆ ತಿನ್ನುತ್ತಿದ್ದಳು. ಮಂತ್ರಿಯ ಕಣ್ಣು ಕಡವಿನ ಮೇಲೆ ಬಿತ್ತು. ಸಂತೆಗೆ ಹೋಗುವವರೆಲ್ಲ ಅಲ್ಲೇ ದಾಟಬೇಕು, ದಾಟಿದವರೆಲ್ಲ ಒಂದು ಹಿಡಿ ಧಾನ್ಯ ಕೊಡಬೇಕು. ಕೂತು ತಿನ್ನುವವನಿಗೆ ಇದಕ್ಕಿಂತ ಒಳ್ಳೆ ಜಾಗ ಯಾವುದು? ಆದರೆ ಸಾತವ್ವ ರಾಜ್ಯದ ಪ್ರಜೆಯಾಗಿರುವ ತನಕ ಕಡವು ಅವಳದೇ. ಹಾಗಾದರೆ ಅವಳು ಪ್ರಜೆಯೇ ಅಲ್ಲ ಅಂದುಬಿಟ್ಟರೆ?

ಮಾರನೆಯ ದಿನವೇ ಮಂತ್ರಿ ಸಾತವ್ವನನ್ನು ಸಭೆಗೆ ಕರೆಸಿದ.

"ದೊರೆ, ಇವಳು ನಮ್ಮವಳಲ್ಲ. ಇವಳ ಮುಖ ನೋಡಿ. ಈ ಬಣ್ಣ ನೋಡಿ, ಈ ಕೂದಲು ನೋಡಿ. ನಮ್ಮ ಹಾಗಿದ್ದವರು ನಮ್ಮವರು, ಇಲ್ಲದವರು ಪರದೇಶದವರು. ಇವಳನ್ನು ಹೊಳೆ ದಾಟಿಸಿಬಿಡಬೇಕು."

"ಹೌದಲ್ಲ!" ಅಂದ ದೊರೆ.

ಆಚೆ ದಂಡೆಯಲ್ಲಿ ಸಾತವ್ವನಿಗೆ ಯಾರಿದ್ದಾರೆ? ಗಂಡ, ಮಗಳು, ಮನೆ, ಅವ್ವನ ಸಮಾಧಿ, ಎಲ್ಲ ಇರುವುದು ಈಚೆ. ಕಣ್ಣಲ್ಲಿ ನೀರು ಬಂತು. ಆದರೆ ದಿನಾ ಸುಳಿಯಲ್ಲಿ ಹರಿಗೋಲು ತಿರುಗಿಸುವವಳು ಅಷ್ಟಕ್ಕೆಲ್ಲ ಕೈ ಬಿಡುವುದಿಲ್ಲ.

"ದೊರೆಗಳೇ, ಒಂದೇ ಒಂದು ಮಾತು. ಬಾಗಿಲಲ್ಲಿ ಉಪ್ಪಿನ ಮೂಟೆ ಇಟ್ಕೊಂಡು ಒಬ್ಬ ಸಾಹುಕಾರ ಕೂತವ್ನೆ. ಬೆಳಿಗ್ಗೆ ನಾನೇ ದಾಟಿಸಿದ್ದು. ಅವನನ್ನ ಸ್ವಲ್ಪ ಒಳಕ್ಕೆ ಕರೆಸಿ."

ಉಪ್ಪಿನ ಸಾಹುಕಾರ ಬಂದ. ಸಭೆ ಬಾಯಿ ಬಿಟ್ಟು ನೋಡಿತು. ಮಂತ್ರಿಯದೇ ಮೂಗು, ಮಂತ್ರಿಯದೇ ಬಣ್ಣ, ಮಂತ್ರಿಯದೇ ಬೊಜ್ಜು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಒಂದೇ ತಾಯಿಯ ಮಕ್ಕಳು ಅನ್ನಬೇಕು.

"ಇವನು ನಮ್ಮವನೇ! ಮುಖ ನೋಡಿದ್ರೆ ಗೊತ್ತಾಗಲ್ವೇ?" ಅಂದ ಮಂತ್ರಿ.

"ಯಾವ ಊರಪ್ಪ ನಿಂದು?" ಅಂತ ದೊರೆ ಕೇಳಿದ.

ಸಾಹುಕಾರ ಏನೋ ಗಳಗಳ ಅಂದ. ಒಂದಕ್ಷರ ಯಾರಿಗೂ ತಿಳಿಯಲಿಲ್ಲ. ನಾಲ್ಕು ದಿಕ್ಕಿನ ಜನರನ್ನು ದಾಟಿಸುವ ಸಾತವ್ವನಿಗೆ ಅವನ ಮಾತು ಅಷ್ಟಿಷ್ಟು ಬರುತ್ತಿತ್ತು.

"ಏಳು ಬೆಟ್ಟದ ಆಚೆಗಿನ ದೊರೆಯ ಪ್ರಜೆಯಂತೆ, ಬುದ್ಧಿ. ನಮ್ಮ ಊರಿನ ಹೆಸರೂ ಕೇಳಿರಲಿಲ್ಲವಂತೆ. ಇನ್ನೊಂದು ಕೇಳ್ತಾವ್ನೆ. ನನ್ನ ಅಣ್ಣನ ಮುಖ ಈ ಮಂತ್ರಿಗೆ ಎಲ್ಲಿಂದ ಬಂತು ಅಂತ."

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೊರೆಯೂ ನಕ್ಕ. "ಹೌದಲ್ಲ! ಮುಖ ನಮ್ಮದೇ, ಮಾತು ಬೇರೆ, ರಾಜ್ಯವೂ ಬೇರೆ! ಮುಖ ನೋಡಿ ಹೇಗೆ ಹೇಳೋದು?"

ಮಂತ್ರಿಗೆ ಅವಮಾನವಾಯಿತು. ಸುಮ್ಮನಿರುತ್ತಾನೆಯೇ? ಎರಡನೆಯ ದಿನ ಮತ್ತೆ ಸಭೆ ಕೂಡಿಸಿದ.

"ದೊರೆ, ಇವಳು ನಮ್ಮವಳಲ್ಲ. ಮುಖದ ಮಾತು ಬಿಡಿ. ಮಾತು, ಊಟ, ಹಾಡು, ಹಬ್ಬ, ಇದು ಮುಖ್ಯ. ನಮ್ಮ ಮಾತಾಡಿ, ನಮ್ಮ ಹಾಡು ಹಾಡೋರು ನಮ್ಮವರು. ಇವಳ ಕೇರಿಯಲ್ಲಿ ಹಬ್ಬದ ದಿನ ಯಾರಿಗೂ ತಿಳಿಯದ ಭಾಷೇಲಿ ಹಾಡ್ತಾರೆ. ಇವಳನ್ನು ದಾಟಿಸಿಬಿಡಬೇಕು."

"ಹೌದಲ್ಲ!" ಅಂದ ದೊರೆ.

ಸಾತವ್ವ ಕೈ ಮುಗಿದಳು. "ಹಾಡೋದು ನಿಜ, ಬುದ್ಧಿ. ಮುತ್ತಜ್ಜನ ಹಾಡು, ಬಿಡೋಕೆ ಮನಸ್ಸು ಬರಲ್ಲ. ಆದ್ರೆ ನೆನ್ನೆ ಸಾಯಂಕಾಲ ಅರಮನೆ ಕಿಟಕಿಯಿಂದ ಒಂದು ಜೋಗುಳ ಕೇಳಿಸ್ತು. ಎಷ್ಟು ಚೆಂದ ಇತ್ತು! ಅದೂ ನಂಗೆ ತಿಳೀಲಿಲ್ಲ. ಅದು ಯಾವ ಭಾಷೆ?"

ದೊರೆಯ ಪಕ್ಕದಲ್ಲಿ ಕೂತಿದ್ದ ರಾಣಿ ಮೆಲ್ಲಗೆ ಮಂತ್ರಿಯ ಕಡೆ ತಿರುಗಿದಳು. ರಾಣಿ ಘಟ್ಟದ ಕೆಳಗಿನ ನಾಡಿನಿಂದ ಮದುವೆಯಾಗಿ ಬಂದವಳು. ಸಭೆಯಲ್ಲಿ ಊರಿನ ಮಾತಾಡಿದರೂ ಮಗುವಿಗೆ ತನ್ನ ಅಮ್ಮನ ಭಾಷೆಯಲ್ಲೇ ಹಾಡುವಳು. ಎಲ್ಲ ಅಡುಗೆಗೂ ತೆಂಗಿನಕಾಯಿ ಹಾಕಿಸುವಳು.

"ಮಂತ್ರಿಗಳೇ, ಹಾಗಾದರೆ ನನ್ನನ್ನೂ ದಾಟಿಸ್ತೀರಾ? ಗಂಟು ಕಟ್ಟಿಕೊಳ್ಳಲೇ?" ಅಂತ ಕೇಳಿದಳು. ಧ್ವನಿ ತಣ್ಣಗಿತ್ತು.

ದೊರೆಗೆ ಬೆವರು ಇಳಿಯಿತು. "ಅಯ್ಯಯ್ಯೋ, ಎಲ್ಲಾದ್ರೂ ಉಂಟೇ! ನೀನು ಈ ರಾಜ್ಯದ ರಾಣಿ!"

"ಅದೂ ಅಲ್ದೆ ದೊರೆಗಳೇ, ಆಚೆ ದಂಡೆಯವರ ಮಾತು ನಮ್ಮದೇ" ಅಂದಳು ಸಾತವ್ವ. "ಮುದ್ದೆ ನಮ್ಮದೇ, ಸೋಬಾನೆ ಪದ ನಮ್ಮದೇ. ಹೆಣ್ಣು ತರೋದು ಅಲ್ಲಿಂದ, ಕೊಡೋದೂ ಅಲ್ಲಿಗೆ. ಆದ್ರೆ ಅವರು ಕಂದಾಯ ಕಟ್ಟೋದು ಅವರ ದೊರೆಗೆ. ನಮ್ಮ ಹಾಡು ಹಾಡ್ತೀರಲ್ಲ, ನಮಗೂ ಕಟ್ಟಿ ಅಂತ ಕೇಳಿದ್ರೆ ಕೊಡ್ತಾರಾ?"

"ದೊಣ್ಣೆ ತಗೊಂಡು ಬರ್ತಾರೆ" ಅಂದ ಸೇನಾಪತಿ.

"ಹೌದಲ್ಲ!" ಅಂದ ದೊರೆ.

ಮಂತ್ರಿ ಹಲ್ಲು ಕಡಿದ. ಇನ್ನೊಂದೇ ದಾರಿ ಇತ್ತು. ಸಾತವ್ವನ ಹುಟ್ಟಿನ ವಿಷಯ ಊರಿಗೆಲ್ಲ ಗೊತ್ತು. ಅವಳ ಅವ್ವ ತುಂಬು ಗರ್ಭಿಣಿಯಾಗಿದ್ದಾಗಲೂ ಜನರನ್ನು ದಾಟಿಸುತ್ತಿದ್ದಳು. ನಡುಹೊಳೆಯಲ್ಲೇ ಹೆರಿಗೆ ನೋವು ಬಂದು, ಹರಿಗೋಲಿನಲ್ಲೇ ಸಾತವ್ವ ಹುಟ್ಟಿದ್ದಳು.

"ದೊರೆ, ಇವಳು ನಮ್ಮವಳಲ್ಲ. ಯಾರು ಈ ಮಣ್ಣಿನ ಮೇಲೆ ಹುಟ್ಟಿದರೋ ಅವರೇ ನಮ್ಮವರು. ಇವಳು ಹುಟ್ಟಿದ್ದು ನೀರಿನ ಮೇಲೆ. ಇವಳಿಗೆ ಯಾವ ಮಣ್ಣೂ ಇಲ್ಲ! ಈಗ ಏನು ಹೇಳ್ತಾಳೋ ಹೇಳಲಿ."

ಮಂತ್ರಿ ಹೇಳಿದ್ದು ಸುಳ್ಳಲ್ಲವಲ್ಲ. ಆದರೆ ಸಾತವ್ವನ ತುಟಿಯ ತುದಿಯಲ್ಲಿ ಒಂದು ಸಣ್ಣ ನಗು ಇತ್ತು.

"ಆಗಲಿ, ಬುದ್ಧಿ. ಒಪ್ಪಿದೆ. ಆದ್ರೆ ನನಗೊಬ್ಬಳಿಗೇ ಒಂದು ಕಟ್ಟಳೆ ಮಾಡಿದ್ರೆ ಜನ ಆಡಿಕೊಳ್ತಾರೆ. ಎಲ್ಲರಿಗೂ ಒಂದೇ ಅಂತ ಡಂಗುರ ಸಾರಿಸಿಬಿಡಿ. ನಾಳೆ ಹೊಳೆ ಮರಳಿನಲ್ಲಿ ಎಲ್ಲರೂ ಸೇರಲಿ. ಈ ಮಣ್ಣಲ್ಲಿ ಹುಟ್ಟಿದೋರು ಒಂದು ಕಡೆ, ಹುಟ್ಟದೋರು ಇನ್ನೊಂದು ಕಡೆ. ಹುಟ್ಟದೋರೆಲ್ಲ ಹೊತ್ತು ಮುಳುಗೋದ್ರೊಳಗೆ ಹೊಳೆ ದಾಟಲಿ."

"ಎಲ್ಲರಿಗೂ ಒಂದೇ! ಡಂಗುರ ಹೊಡೆಸಿ, ದೊರೆ!" ಅಂತ ಮಂತ್ರಿ ಕುಣಿದ.

"ಹೌದಲ್ಲ!" ಅಂದ ದೊರೆ. ಡಂಗುರ ಆಯಿತು.

ಮೂರನೆಯ ದಿನ ಊರಿಗೆ ಊರೇ ಹೊಳೆ ಮರಳಿಗೆ ಬಂತು. ಮಂತ್ರಿ ತಾನೇ ಕೋಲು ಹಿಡಿದು ಮರಳಿನ ಮೇಲೆ ಉದ್ದಕ್ಕೂ ಗೆರೆ ಎಳೆದ. ಜಕ್ಕಪ್ಪ ಆಗಲೇ ಕಡವಿನ ಕಟ್ಟೆಯ ಮೇಲೆ ಚಾಪೆ ಹಾಸಿ ಕೂತಿದ್ದ. ಸಾತವ್ವ ನೀರಿನಲ್ಲಿ ಹರಿಗೋಲು ಹಿಡಿದು ನಿಂತಿದ್ದಳು.

"ಈ ಮಣ್ಣಲ್ಲಿ ಹುಟ್ಟಿದೋರು ಗೆರೆಯಿಂದ ಈಚೆ! ಹುಟ್ಟದೋರು ಆಚೆ!" ಅಂತ ಮಂತ್ರಿ ಕೂಗಿದ.

ಮೊದಲು ಕಮ್ಮಾರ ಎದ್ದ. ಗೆರೆ ದಾಟಿ ಆಚೆ ಹೋಗಿ ನಿಂತ. "ಏ, ಎಲ್ಲಿಗಯ್ಯಾ?" ಅಂತ ಮಂತ್ರಿ ಕೇಳಿದರೆ, "ನಾನು ಚೊಚ್ಚಲು, ಬುದ್ಧಿ" ಅಂದ. ಆಮೇಲೆ ಪೂಜಾರಿ ಹೋದ. ಅವನೂ ಚೊಚ್ಚಲು. ಆಮೇಲೆ ಸೇನಾಪತಿ ಕತ್ತಿ ಕೆಳಗಿಟ್ಟು ಹೋದ.

ಗೊತ್ತಾಯಿತೇ ಮಕ್ಕಳೇ? ಈ ಊರಿನವರು ಹೆಣ್ಣು ತರುತ್ತಿದ್ದದ್ದು ಆಚೆ ದಂಡೆಯಿಂದ. ಚೊಚ್ಚಲ ಹೆರಿಗೆ ಎಲ್ಲಿ ಆಗಬೇಕು? ತವರಿನಲ್ಲಿ! ಬಸುರಿಗೆ ಸೀಮಂತ ಮಾಡಿ, ಮಡಿಲು ತುಂಬಿ, ಹರಿಗೋಲು ಹತ್ತಿಸಿ ತಾಯಿ ಮನೆಗೆ ಕಳಿಸುತ್ತಿದ್ದರು. ಹೀಗೆ ಮನೆಮನೆಯ ಹಿರಿಯ ಮಕ್ಕಳೆಲ್ಲ ಹುಟ್ಟಿದ್ದು ಪರರಾಜ್ಯದ ಮಣ್ಣಿನಲ್ಲಿ. ಕಟ್ಟಳೆ ಮಾಡುವಾಗ ಮಂತ್ರಿಗೆ ರಾಜ್ಯವೆಲ್ಲ ನೆನಪಿತ್ತು, ಬಾಣಂತಿಯರು ಮಾತ್ರ ಮರೆತುಹೋಗಿದ್ದರು.

ಅಣ್ಣಂದಿರೆಲ್ಲ ಸಾಲಾಗಿ ಗೆರೆ ದಾಟಿದರು. ಈಚೆ ಉಳಿದ ತಮ್ಮಂದಿರಲ್ಲಿ ಕೆಲವರು, "ಅಣ್ಣ, ಹೊಲದ ಚಿಂತೆ ಬಿಡು, ನಾನಿದೀನಿ" ಅಂತ ಹಲ್ಲು ಕಿರಿದರು. ಅತ್ತಿಗೆಯರು ಅಲ್ಲೇ ಅವರನ್ನು ತರಾಟೆಗೆ ತಗೊಂಡರು.

ಅಷ್ಟರಲ್ಲಿ ದೊರೆಯ ತಾಯಿ ಊರುಗೋಲು ಊರುತ್ತ ಬಂದಳು. "ಮಗಾ ಬೀರ, ನೀನೂ ಆಚೆ ಹೋಗಪ್ಪ. ನಿನ್ನನ್ನ ಹೆತ್ತಿದ್ದು ನನ್ನ ತವರಲ್ಲಿ."

ದೊರೆ ಕಿರೀಟ ಸರಿಮಾಡಿಕೊಂಡು ಗೆರೆ ದಾಟಿದ. ಪಾಪ, ಏನು ಮಾಡುತ್ತಾನೆ? ಕಟ್ಟಳೆಗೆ ಮುದ್ರೆ ಒತ್ತಿದ್ದು ಅವನೇ.

ಮುದುಕಿ ಮಂತ್ರಿಯ ಕಡೆ ತಿರುಗಿದಳು. "ನೀನ್ಯಾಕೋ ಮಂಚ ಇಲ್ಲಿ ನಿಂತಿದೀಯ? ನಿಮ್ಮವ್ವನೂ ನಾನೂ ಒಂದೇ ಹರಿಗೋಲಿನಲ್ಲಿ ಹೋದೋರು. ಇಬ್ಬರಿಗೂ ತುಂಬಿದ ಹೊಟ್ಟೆ. ಭಾರಕ್ಕೆ ಎಲ್ಲಿ ಮುಳುಗುತ್ತೋ ಅಂತ ದಾರಿಯುದ್ದಕ್ಕೂ ದೇವರನ್ನ ಕರೀತಿದ್ವಿ. ದಾಟಿಸಿದ್ದು ಈ ಸಾತವ್ವನ ಅಜ್ಜಿ."

ಸಾತವ್ವ ಹರಿಗೋಲನ್ನು ದಂಡೆಗೆ ಒತ್ತಿ ತಂದಳು.

"ನಾನು ಆ ಕಡೆಗೂ ಸೇರಲಿಲ್ಲ, ಈ ಕಡೆಗೂ ಸೇರಲಿಲ್ಲ. ದಾಟಿಸೋದು ನನ್ನ ಕೆಲಸ. ಹತ್ತಿ, ಬುದ್ಧಿ. ದೊಡ್ಡೋರು ನೀವು, ಮೊದಲು ನಿಮ್ಮನ್ನೇ ಬಿಟ್ಟು ಬರ್ತೀನಿ."

ಮಂತ್ರಿ ಎರಡು ಹೆಜ್ಜೆ ಹಿಂದೆ ಸರಿದ. ದೊರೆಯ ಕಾಲು ಹಿಡಿದ. "ದೊರೆ, ಹುಟ್ಟಿದ್ದು ಎಲ್ಲಾದ್ರೇನು! ನಾನು ಬೆಳೆದಿದ್ದು ಇಲ್ಲಿ, ದುಡಿದಿದ್ದು ಇಲ್ಲಿ. ಈ ರಾಜ್ಯದ ಉಪ್ಪು ತಿಂದೋನು. ನಿಮ್ಮನ್ನೇ ನನ್ನ ದೊರೆ ಅಂದೋನು. ನಾನು ಇಲ್ಲಿಯವನಲ್ಲದೆ ಇನ್ನೆಲ್ಲಿಯವನು?" ಅಂತ ಗೋಳೋ ಅಂದ.

ಸಾತವ್ವ ಈಗ ನಗಲಿಲ್ಲ. "ನನ್ನದೂ ಇಷ್ಟೇ ಮಾತು, ಬುದ್ಧಿ" ಅಂದಳು. "ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಎಲ್ಲರೂ ದೊರೆಯನ್ನು ನೋಡಿದರು. ಈಗ "ಹೌದಲ್ಲ" ಅನ್ನುತ್ತಾನೆ ಅಂತ ಕಾದರು. ದೊರೆ ಅನ್ನಲಿಲ್ಲ. ಬಗ್ಗಿ, ಮರಳಿನ ಮೇಲಿನ ಗೆರೆಯನ್ನು ಕೈಯಿಂದಲೇ ಅಳಿಸಿದ. ಜೀವಮಾನದಲ್ಲಿ ಮೊದಲ ಸಲ ತನ್ನ ಸ್ವಂತ ಮಾತು ಆಡಿದ.

"ಮೂರು ದಿನದಿಂದ ಮೂರು ಬೇರೆ ಬೇರೆ ಸಂಗತಿಗಳನ್ನ ಒಂದೇ ಮಡಕೇಲಿ ಹಾಕಿ ಕಲಸಿದ್ದೀವಿ. ಮೈಬಣ್ಣ, ಮೂಗು, ಕೂದಲು ಹಿರಿಯರಿಂದ ಬರುತ್ತೆ. ಅದನ್ನ ಯಾರೂ ಕೇಳಿ ಪಡೆದಿಲ್ಲ. ಮಾತು, ಹಾಡು, ಊಟ ಅವ್ವನ ಮಡಿಲಲ್ಲಿ ಬರುತ್ತೆ. ಒಂದೇ ಊರಲ್ಲಿ ಹತ್ತು ಥರ ಇದ್ದರೂ ಇರಲಿ, ಕುಣಿಯೋಕೆ ನಮಗೇ ಚೆಂದ. ಇನ್ನು ಈ ರಾಜ್ಯದ ಪ್ರಜೆ ಅನ್ನೋದು ರಾಜ್ಯಕ್ಕೂ ಮನುಷ್ಯನಿಗೂ ನಡುವಿನ ಮಾತು. ಆ ಮಾತು ನಾವು ಕೊಟ್ಟಿದ್ದೀವಿ, ಸಾತವ್ವನ ಮನೆಯವರು ಉಳಿಸ್ಕೊಂಡಿದ್ದಾರೆ. ಅವಳು ನಮ್ಮ ಪ್ರಜೆ. ಕಡವು ಅವಳದೇ."

ಜನ ಹೋ ಅಂತ ಕೂಗಿದರು. ಗಂಡನೂ ಮಗಳೂ ನೀರಿಗಿಳಿದು ಸಾತವ್ವನನ್ನು ತಬ್ಬಿಕೊಂಡರು. ಮೂರು ದಿನ ತಡೆದಿದ್ದ ಅಳು ಆಗ ಬಂತು ನೋಡಿ ಅವಳಿಗೆ.

"ಮಂತ್ರಿಗೇನು ಶಿಕ್ಷೆ? ನೀನೇ ಹೇಳು. ಆಚೆ ಕಳಿಸಿಬಿಡಲಾ?" ಅಂತ ದೊರೆ ಕೇಳಿದ.

ಸಾತವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬೇಡ ದೊರೆ. ಆಚೆಯವರು ನಮಗೇನು ಅನ್ಯಾಯ ಮಾಡಿದ್ದಾರೆ? ಒಂದು ಮಳೆಗಾಲ ನನ್ನ ಜೊತೆ ಹರಿಗೋಲು ನಡೆಸಲಿ. ಬಂದೋರನ್ನೆಲ್ಲ ಕೈ ಹಿಡಿದು ಹತ್ತಿಸಲಿ."

ಹಾಗೇ ಆಯಿತು. ಮಂಚಣ್ಣ ಗಳ ಒತ್ತಿದ, ಜಕ್ಕಪ್ಪ ತಳದ ನೀರು ಮೊಗೆದು ಚೆಲ್ಲಿದ. ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರ ಬೊಜ್ಜೂ ಕರಗಿತ್ತು. ಮಂತ್ರಿ ಪದವಿ ಮಾತ್ರ ಅವನಿಗೆ ಮತ್ತೆ ಸಿಗಲಿಲ್ಲ.

ನೀತಿ ಏನು ಗೊತ್ತೇ ಮಕ್ಕಳೇ? ಮುಖ ನೋಡಿ ಒಬ್ಬರ ದೇಶ ಯಾವುದು ಅಂತ ಹೇಳಬಾರದು, ಹಾಡು ಕೇಳಿ ಅವರ ನಿಯತ್ತು ಅಳೆಯಬಾರದು. ಮೈ, ಮನೆಯ ರೂಢಿ, ನಾಡು, ಈ ಮೂರೂ ಬೇರೆ ಬೇರೆ. ಇವನ್ನು ಬೇಕೆಂದೇ ಕಲಸಿ, ನಮ್ಮ ಜೊತೆ ಬಾಳಿದವರನ್ನು ಹೊರಗೆ ಹಾಕುವ ಗೆರೆ ಎಳೆಯಲು ಯಾರಾದರೂ ಬಂದರೆ, ಆ ಗೆರೆಯ ಯಾವ ಕಡೆ ನೀನು ನಿಲ್ಲುತ್ತೀಯ ಅಂತ ಮೊದಲು ಅವರನ್ನೇ ಕೇಳಿ.